ರಾಣಿಯ ಕಿರೀಟದಲ್ಲಿ ರಾಣಿಯದೆಷ್ಟು? ಬ್ರಿಟನ್ನಿನ ಪಟ್ಟದರಸಿಯರ ಮಕುಟಗಳ ಕುರಿತು ಚರ್ಚೆ

ಕಾವೇರಿತೀರ (ಚರ್ಚೆ ಆರಂಭಿಸಿದವರು)

2022ರ ಸೆಪ್ಟೆಂಬರಿನಲ್ಲಿ ಎರಡನೆಯ ಎಲಿಜಬೆತ್ ತೀರಿಕೊಂಡಾಗ ನಮ್ಮ ನೆಂಟರಿಷ್ಟರ ವಾಟ್ಸಾಪ್ ಗುಂಪಿಗೆ ಒಂದೇ ಸಂದೇಶ ಮೂರು ಕಡೆಯಿಂದ ಬಂದಿತ್ತು. ಶವಪೆಟ್ಟಿಗೆಯ ಮೇಲಿಟ್ಟ ಕಿರೀಟದಲ್ಲಿ ಹೊಳೆಯುತ್ತಿರುವುದು ನಮ್ಮ ಕೊಹಿನೂರ್ ಎಂದು ಅದರಲ್ಲಿ ಬರೆದಿತ್ತು. ಅದು ತಪ್ಪು. ಆ ಕಿರೀಟ 1937ರಲ್ಲಿ ಆರನೆಯ ಜಾರ್ಜ್ ದೊರೆಗಾಗಿ ಮಾಡಿಸಿದ್ದು. ಅದರ ಮುಂಭಾಗದಲ್ಲಿರುವ ದೊಡ್ಡ ವಜ್ರ ದಕ್ಷಿಣ ಆಫ್ರಿಕದಲ್ಲಿ ಸಿಕ್ಕ ಕಲ್ಲಿನನ್ ಹರಳಿನ ಎರಡನೆಯ ತುಂಡು, 317.4 ಕ್ಯಾರೆಟ್. ಕೊಹಿನೂರ್ ಇರುವುದು ಎಲಿಜಬೆತ್ತರ ತಾಯಿಯ ಕಿರೀಟದಲ್ಲಿ. ಎಪ್ಪತ್ತು ವರ್ಷ ಆಳಿದ ಆ ರಾಣಿ ಕೊಹಿನೂರ್ ಕೂರಿಸಿದ ಕಿರೀಟವನ್ನು ತಲೆಯ ಮೇಲೆ ಇಟ್ಟುಕೊಂಡವರೇ ಅಲ್ಲ.

ಈ ಗೊಂದಲಕ್ಕೆ ನಮ್ಮ ಭಾಷೆಯ ಪಾಲೂ ಸ್ವಲ್ಪ ಇದೆ. ಸ್ವತಃ ಸಿಂಹಾಸನವೇರಿ ಆಳಿದವಳನ್ನೂ ಆಳುವ ದೊರೆಯ ಹೆಂಡತಿಯನ್ನೂ ನಾವು ‘ರಾಣಿ’ ಎಂದೇ ಕರೆಯುತ್ತೇವೆ. ಅಲ್ಲಿ ಮಾತ್ರ ಇಬ್ಬರ ಕಿರೀಟವೂ ಬೇರೆ, ರಾಜದಂಡವೂ ಬೇರೆ, ಉಂಗುರವೂ ಬೇರೆ. 1661ರಲ್ಲಿ ಮಾಡಿದ, ಎರಡು ಕಿಲೋ ಮೀರಿ ತೂಗುವ ಸೇಂಟ್ ಎಡ್ವರ್ಡ್ ಕಿರೀಟ ಆಳುವವರಿಗೆ ಮಾತ್ರ ಮೀಸಲು. ದೊರೆಯ ಹೆಂಡತಿಯ ತಲೆಯ ಮೇಲೆ ಅದನ್ನು ಇಡುವುದಿಲ್ಲ.

ಈ ಚರ್ಚೆಯಲ್ಲಿ ಪಟ್ಟದರಸಿಯರ ಕಿರೀಟಗಳನ್ನಷ್ಟೇ ಎತ್ತಿಕೊಳ್ಳೋಣ ಎಂದಿದ್ದೇನೆ, ಏಕೆಂದರೆ ಅವುಗಳ ಕತೆ ಹೆಚ್ಚು ವಿಚಿತ್ರವಾದದ್ದು. ದೊರೆಯ ಕಿರೀಟ ತಲೆಮಾರಿನಿಂದ ತಲೆಮಾರಿಗೆ ದಾಟುತ್ತದೆ. ರಾಣಿಯ ವಿಷಯದಲ್ಲಿ ದಾಟುವುದು ಹರಳು. ಚೌಕಟ್ಟು ಬರಿದಾಗಿ ಹಿಂದೆ ಉಳಿಯುತ್ತದೆ. ನಾನು ಓದಿಕೊಂಡಷ್ಟರಲ್ಲಿ ಕಳೆದ ಮುನ್ನೂರು ವರ್ಷಗಳ ಕತೆಯೆಲ್ಲ ಇಷ್ಟೇ ಎನ್ನಿಸಿದೆ. ಒಪ್ಪದವರು ದಯವಿಟ್ಟು ಬರೆಯಿರಿ.

ಶಾಸನಪ್ರಿಯ

ನಮ್ಮ ಭಾಷೆಯನ್ನು ದೂರಿದ್ದೀರಿ, ಆದ್ದರಿಂದ ಅದರ ಪರವಾಗಿ ಎರಡು ಮಾತು. ‘ಪಟ್ಟದರಸಿ’ ಎಂಬ ಪದವನ್ನು ನೀವೇ ಬಳಸಿದ್ದೀರಿ, ‘ಪಟ್ಟಮಹಿಷಿ’ ಎಂಬುದೂ ಇದೆ. ಭೇದ ಕನ್ನಡದಲ್ಲಿ ಇಲ್ಲದೆ ಇಲ್ಲ, ನಾವು ಅದನ್ನು ಬಿಟ್ಟುಬಿಟ್ಟಿದ್ದೇವೆ.

ಅದಕ್ಕಿಂತ ಮುಖ್ಯವಾದದ್ದು ‘ಪಟ್ಟ’ ಎಂಬ ಮಾತೇ. ಹಣೆಯ ಸುತ್ತ ಕಟ್ಟುವ ಪಟ್ಟಿಗೆ ಪಟ್ಟವೆಂದು ಹೆಸರು. ನಮ್ಮ ಶಾಸನಗಳು ಪಟ್ಟಬಂಧವನ್ನು ಹೇಳುತ್ತವೆ, ಪಟ್ಟಂಗಟ್ಟಿದರು ಎನ್ನುತ್ತವೆ. ಇವತ್ತಿಗೂ ನಾವು ಪಟ್ಟ ‘ಕಟ್ಟು’ತ್ತೇವೆಯೇ ಹೊರತು ‘ಇಡು’ವುದಿಲ್ಲ. ಇಂಗ್ಲೆಂಡಿನ ಕಿರೀಟವನ್ನು ನೋಡುವಾಗಲೂ ಈ ಭೇದ ಉಪಯೋಗಕ್ಕೆ ಬರುತ್ತದೆ. ಅದರಲ್ಲಿ ಎರಡು ಭಾಗ: ಕೆಳಗಿನ ದುಂಡನೆಯ ಪಟ್ಟಿ, ಮತ್ತು ಅದರ ಮೇಲೆ ಬಾಗಿ ನಡುವೆ ಕೂಡುವ ಕಮಾನುಗಳು. ಐದನೆಯ ಜಾರ್ಜ್ ದೊರೆಯ ಪತ್ನಿ ಮೇರಿ ರಾಣಿಯ 1911ರ ಕಿರೀಟದಲ್ಲಿಯೂ 1937ರಲ್ಲಿ ಆಕೆಯ ಸೊಸೆಗೆ, ಅಂದರೆ ಎರಡನೆಯ ಎಲಿಜಬೆತ್ತರ ತಾಯಿಗೆ, ಮಾಡಿದ ಕಿರೀಟದಲ್ಲಿಯೂ ಈ ಕಮಾನುಗಳನ್ನು ಕಳಚಬಹುದು. ಮಗನ ಪಟ್ಟಾಭಿಷೇಕಕ್ಕೆ ವಿಧವೆಯಾದ ರಾಣಿ ಬರುವ ರೂಢಿ ಅಲ್ಲಿರಲಿಲ್ಲ. ಮೇರಿ ಅದನ್ನು ಮುರಿದು 1937ರ ಮೇ 12ರಂದು ಬಂದಾಗ ಕಮಾನುಗಳನ್ನು ತೆಗೆಸಿ ಬರೀ ಪಟ್ಟಿಯನ್ನು ಧರಿಸಿದ್ದರು. 1953ರಲ್ಲಿ ಮಗಳ ಪಟ್ಟಾಭಿಷೇಕಕ್ಕೆ ಬಂದ ತಾಯಿಯೂ ಹಾಗೆಯೇ ಮಾಡಿದರು. ಕಮಾನು ಹೋದ ಮೇಲೆ ಉಳಿದದ್ದು ನಮ್ಮ ಅರ್ಥದ ಪಟ್ಟ.

ಲಂಡನ್ನಿನ ಕನ್ನಡತಿ

ಆ 1937ರ ಕಿರೀಟವನ್ನು ನಾನು ಮೂರು ಸಲ ನೋಡಿದ್ದೇನೆ. ಊರಿನಿಂದ ಯಾರು ಬಂದರೂ ಈ ಕಿರೀಟಗಳನ್ನು ಇಟ್ಟಿರುವ ಲಂಡನ್ ಟವರ್ ಕೋಟೆಯನ್ನು ತೋರಿಸಲೇಬೇಕು, ಬೇರೆ ದಾರಿಯಿಲ್ಲ. ಆಭರಣ ಭವನದ ಒಳಗೆ ಕತ್ತಲೆ, ಫೋಟೋ ತೆಗೆಯುವಂತಿಲ್ಲ. ಕಿರೀಟಗಳ ಮುಂದೆ ನಿಂತು ನೋಡಲೂ ಬಿಡುವುದಿಲ್ಲ. ಕಾಲ ಕೆಳಗಿನ ನೆಲವೇ ನಿಧಾನವಾಗಿ ಚಲಿಸಿ ನಮ್ಮನ್ನು ದಾಟಿಸಿಬಿಡುತ್ತದೆ. ಮೇಲುಕೋಟೆಯ ವೈರಮುಡಿ ಮಂಡ್ಯದ ಖಜಾನೆಯಿಂದ ಪೊಲೀಸ್ ಬಂದೋಬಸ್ತಿನಲ್ಲಿ ಬರುವುದನ್ನು ಕಾದು, ನೂಕುನುಗ್ಗಲಿನಲ್ಲಿ ಅರೆಕ್ಷಣ ನೋಡಿ ಬೆಳೆದ ನನಗೆ ಇದು ಹೊಸದೆನ್ನಿಸಲಿಲ್ಲ. ನನ್ನ ಅತ್ತೆಯವರು ಮಾತ್ರ ಮತ್ತೆ ಹಿಂದಕ್ಕೆ ನಡೆದು ಬಂದು ಆ ಚಲಿಸುವ ಪಟ್ಟಿಯನ್ನು ನಾಲ್ಕು ಸಲ ಹತ್ತಿದರು.

ನೋಡಿದ್ದನ್ನು ಹೇಳುತ್ತೇನೆ. ಕಿರೀಟ ನಿರೀಕ್ಷಿಸಿದ್ದಕ್ಕಿಂತ ಚಿಕ್ಕದು, ಹಗುರವಾಗಿಯೂ ಕಾಣುತ್ತದೆ. ಒಳಗೆ ನೇರಳೆ ಮಖಮಲ್ಲಿನ ಟೋಪಿ, ಅಂಚಿಗೆ ಬಿಳಿಯ ತುಪ್ಪಳ. ಲೋಹ ಚಿನ್ನವಲ್ಲ, ಪ್ಲಾಟಿನಂ. ಬ್ರಿಟನ್ನಿನಲ್ಲಿ ಆ ಲೋಹದಿಂದ ಮಾಡಿದ ಮೊದಲ ಕಿರೀಟ ಇದೇ. ಸುಮಾರು 2,800 ವಜ್ರಗಳಿವೆ, ಅವುಗಳಲ್ಲಿ ಬಹುಪಾಲು ವಿಕ್ಟೋರಿಯಾ ರಾಣಿಯ ಹಳೆಯ ಪಟ್ಟಿಯೊಂದರಿಂದ ಕಿತ್ತು ತಂದವು. ಮುಂಭಾಗದ ಶಿಲುಬೆಯ ನಡುವೆ ಕೊಹಿನೂರ್. ಅದರ ಕೆಳಗೆ, ಪಟ್ಟಿಯಲ್ಲಿ, ಚೌಕನೆಯ 17 ಕ್ಯಾರೆಟ್ಟಿನ ಇನ್ನೊಂದು ವಜ್ರ. ಕ್ರೈಮಿಯಾ ಯುದ್ಧದಲ್ಲಿ ನೆರವಾದುದಕ್ಕೆ ತುರ್ಕಿಯ ಸುಲ್ತಾನ ಅಬ್ದುಲ್ ಮಜೀದ್ 1856ರಲ್ಲಿ ವಿಕ್ಟೋರಿಯಾಗೆ ಕೊಟ್ಟದ್ದು. ಒಂದರ ಕೆಳಗೊಂದು ಕೂತ ಈ ಎರಡರಲ್ಲಿ ಒಂದು ಸ್ವಇಚ್ಛೆಯಿಂದ ಬಂದ ಉಡುಗೊರೆ, ಇನ್ನೊಂದು ಹಾಗಲ್ಲ. ನೋಡುವವರ ಕಣ್ಣಿಗೆ ಎರಡೂ ಒಂದೇ ಬಿಳುಪು.

ಕಾವೇರಿತೀರ

ಬಹಳ ಚೆನ್ನಾಗಿ ಹೇಳಿದಿರಿ ಮೇಡಂ. ನಾನು ಕತೆಯ ಹಳೆಯ ತುದಿಯನ್ನು ಹಿಡಿಯುತ್ತೇನೆ.

1649ರಲ್ಲಿ ಒಂದನೆಯ ಚಾರ್ಲ್ಸ್ ದೊರೆಯ ತಲೆ ಕಡಿದ ಮೇಲೆ ಪಾರ್ಲಿಮೆಂಟಿನವರು ರಾಜಲಾಂಛನಗಳನ್ನೆಲ್ಲ ಬೆಲೆಕಟ್ಟಿಸಿ, ಚಿನ್ನವನ್ನು ಕರಗಿಸಿ, ಹರಳುಗಳನ್ನು ಮಾರಿದರು. ಆ ಬೆಲೆಪಟ್ಟಿಯಲ್ಲಿ ಹನ್ನೊಂದನೆಯ ಶತಮಾನದ ರಾಣಿ ಈಡಿತಳದ್ದೆಂದು ಶತಮಾನಗಳಿಂದ ಪೂಜ್ಯವಾಗಿದ್ದ ಕಿರೀಟವೂ ಇತ್ತು. ಗಟ್ಟಿ ಚಿನ್ನವೆಂದೇ ಎಲ್ಲರೂ ನಂಬಿದ್ದ ಅದನ್ನು ಒರೆಗೆ ಹಚ್ಚಿದಾಗ ಬೆಳ್ಳಿಗೆ ಚಿನ್ನದ ನೀರು ಕೊಟ್ಟದ್ದೆಂದು ಗೊತ್ತಾಯಿತು. ಕಟ್ಟಿದ ಬೆಲೆ ಹದಿನಾರು ಪೌಂಡು. ಆ ನಾಶದಿಂದ ಉಳಿದು ಬಂದ ಕೆಲವೇ ವಸ್ತುಗಳಲ್ಲಿ ಒಂದು ಹನ್ನೆರಡನೆಯ ಶತಮಾನದ, ಅಭಿಷೇಕದ ಎಣ್ಣೆಗೆ ಬಳಸುವ ಚಮಚ. ಅರಮನೆಯ ನೌಕರನೊಬ್ಬ ಅದನ್ನು ಹದಿನಾರು ಶಿಲಿಂಗಿಗೆ ಕೊಂಡಿಟ್ಟುಕೊಂಡು, ದೊರೆತನ ಮರಳಿದಾಗ ಹಿಂದಕ್ಕೆ ಒಪ್ಪಿಸಿದ.

1661ರಲ್ಲಿ ಎರಡನೆಯ ಚಾರ್ಲ್ಸ್‌ಗಾಗಿ ಎಲ್ಲವನ್ನೂ ಹೊಸದಾಗಿ ಮಾಡಿದರೂ ರಾಣಿಗೆಂದು ಏನನ್ನೂ ಮಾಡಲಿಲ್ಲ, ಏಕೆಂದರೆ ಆತನಿಗೆ ಆಗ ಮದುವೆಯೇ ಆಗಿರಲಿಲ್ಲ. ಆಮೇಲೆ ಕೈಹಿಡಿದ ಕ್ಯಾಥರೀನಳಿಗೆ ಪಟ್ಟಾಭಿಷೇಕ ನಡೆಯಲೇ ಇಲ್ಲ. ಹೀಗಾಗಿ 1685ರಲ್ಲಿ ಎರಡನೆಯ ಜೇಮ್ಸ್ ಜೊತೆ ಆತನ ಹೆಂಡತಿ ಮೊಡೆನಾದ ಮೇರಿಗೂ ಪಟ್ಟ ಕಟ್ಟುವಾಗ ರಾಣಿಯ ಪಾಲಿನ ಎಲ್ಲವೂ ಮೊದಲಿನಿಂದ ಆಗಬೇಕಾಯಿತು: ಶಿಲುಬೆಯ ರಾಜದಂಡ, ಪಾರಿವಾಳ ಕೂತ ಆನೆದಂತದ ಕೋಲು, ಕಿರೀಟ. ಆ ದಂಡ ಮತ್ತು ಕೋಲು ಇಂದಿಗೂ ಬಳಕೆಯಲ್ಲಿವೆ. ದಂತವೆಂಬ ಕಾರಣಕ್ಕೆ 2023ರಲ್ಲಿ ಒಂದಿಷ್ಟು ಆಕ್ಷೇಪಣೆಯೂ ಕೇಳಿಬಂತು.

ಕಿರೀಟದ ಕತೆ ಬೇರೆ. ಚೌಕಟ್ಟು ಮಾತ್ರ ಸ್ವಂತದ್ದು. ಅದರಲ್ಲಿ ಕೂರಿಸಿದ 561 ವಜ್ರಗಳನ್ನೂ 129 ಮುತ್ತುಗಳನ್ನೂ ಬಾಡಿಗೆಗೆ ತಂದಿದ್ದರು. ಹೌದು, ಬಾಡಿಗೆಗೆ. ಮದುವೆಮನೆಗೆ ಪಾತ್ರೆ, ಶಾಮಿಯಾನ ತಂದಂತೆ ಹರಳುಗಳನ್ನು ತರುವುದು, ಸಮಾರಂಭ ಮುಗಿದ ಮೇಲೆ ಕಿತ್ತು ಹಿಂದಿರುಗಿಸುವುದು. ದೊರೆಗಳೂ ಇದಕ್ಕೆ ಹೊರತಲ್ಲ. 1821ರಲ್ಲಿ ನಾಲ್ಕನೆಯ ಜಾರ್ಜ್ ತನ್ನ ಕಿರೀಟಕ್ಕೆ 12,314 ವಜ್ರಗಳನ್ನು ಬಾಡಿಗೆಗೆ ತರಿಸಿ, ಬಿಟ್ಟುಕೊಡಲು ಮನಸ್ಸಾಗದೆ ಎರಡು ವರ್ಷ ಇಟ್ಟುಕೊಂಡ, ಕೊನೆಗೆ ಹಿಂದಿರುಗಿಸಲೇಬೇಕಾಯಿತು. ಮೊಡೆನಾದ ಮೇರಿಯ ಚೌಕಟ್ಟಿನಲ್ಲಿ ಈಗ ಕೂತಿರುವುದು ಸ್ಫಟಿಕ ಮತ್ತು ಕೃಷಿ ಮುತ್ತು. 1831ರ ಹೊತ್ತಿಗೆ ಅದು ಸವೆದು ಹಳತಾಗಿತ್ತು. ಆ ವರ್ಷ ಪಟ್ಟಕ್ಕೆ ಬಂದ ಅಡಿಲೇಡ್ ಬಾಡಿಗೆಯ ಹರಳು ಬೇಡವೆಂದು ತನ್ನ ವಜ್ರಗಳನ್ನೇ ಕೊಟ್ಟು ಹೊಸ ಕಿರೀಟ ಮಾಡಿಸಿದಳು. ಸಮಾರಂಭ ಮುಗಿದದ್ದೇ ತಡ, ಅವನ್ನೂ ತೆಗೆದರು. ತೂತು ತೂತಾದ ಆ ಚೌಕಟ್ಟು ಉಳಿದಿದೆ.

ಅಕ್ಕಸಾಲಿಗರ ಮನೆ

ನಮ್ಮದು ಮೂರು ತಲೆಮಾರಿನ ಚಿನ್ನದ ಕೆಲಸದ ಮನೆ. ಇಲ್ಲಿ ಬರೆದವರೆಲ್ಲ ಹರಳನ್ನು ‘ಕಿತ್ತರು’ ಎನ್ನುತ್ತಿದ್ದೀರಿ, ಅದು ಅಷ್ಟು ಸುಲಭವಾದದ್ದು ಏಕೆಂದು ಹೇಳಬೇಕೆನ್ನಿಸಿತು.

ನಮ್ಮ ಹಳೆಯ ಕಟ್ಟಡದಲ್ಲಿ ಹರಳಿನ ಹಿಂಬದಿಯನ್ನು ಮುಚ್ಚುತ್ತೇವೆ. ಮನೆಯಂತೆ ಗುಂಡಿ ಮಾಡಿ, ಒಳಗೆ ಅರಗು ತುಂಬಿ, ಹೊಳಪಿಗೆ ಬೇಗಡೆ ಇಟ್ಟು, ಮೇಲೆ ಹರಳು ಕೂರಿಸಿ, ಸುತ್ತ ಅಪರಂಜಿಯ ಕುಂದಣವನ್ನು ಒತ್ತಿ ಒತ್ತಿ ಬಿಗಿ ಮಾಡುತ್ತೇವೆ. ಅದನ್ನು ಬಿಚ್ಚುವುದೆಂದರೆ ಒಡವೆಯನ್ನೇ ಕೆಡಿಸಿದಂತೆ. ಅವರ ಈಚಿನ ಕಿರೀಟಗಳಲ್ಲಿ ಹಿಂಬದಿ ತೆರೆದಿರುತ್ತದೆ, ಹರಳನ್ನು ಸಣ್ಣ ಉಗುರುಗಳಂಥ ಕೊಕ್ಕೆಗಳು ಹಿಡಿದಿರುತ್ತವೆ. ಕೊಕ್ಕೆ ಸ್ವಲ್ಪ ಎತ್ತಿದರೆ ಹರಳು ಕೈಗೆ ಬರುತ್ತದೆ. ದೊಡ್ಡ ಹರಳುಗಳಿಗೆ ಇನ್ನೂ ಅನುಕೂಲ: ಕೊಹಿನೂರಿಗೆ ಪ್ಲಾಟಿನಮ್ಮಿನ ಪ್ರತ್ಯೇಕ ಕಟ್ಟು ಇದೆ, ಕಟ್ಟಿನ ಸಮೇತ ಕಿರೀಟದಿಂದ ಕಳಚಿಕೊಳ್ಳಬಹುದು, ನಮ್ಮ ತಿರುಪಿನ ಓಲೆ ಕಳಚಿದ ಹಾಗೆ. ತೆಗೆಯುವುದಕ್ಕೆಂದೇ ಮಾಡಿದ ಒಡವೆ ಅದು.

ಇನ್ನು ತೂಕದ ವಿಚಾರ. ಕೊಹಿನೂರ್ 186 ಕ್ಯಾರೆಟ್ ಇತ್ತೆಂದು ಕೆಲವರು, 191 ಇತ್ತೆಂದು ಕೆಲವರು ಬರೆಯುತ್ತಾರೆ. ಎರಡೂ ಸರಿ, ಮೊದಲನೆಯದು ಹಳೆಯ ಕ್ಯಾರೆಟ್, ಎರಡನೆಯದು ಈಗಿನ ಮೆಟ್ರಿಕ್ ಕ್ಯಾರೆಟ್. 1851ರ ಮಹಾಪ್ರದರ್ಶನದಲ್ಲಿ ಅದನ್ನು ನೋಡಿದ ಲಂಡನ್ನಿನ ಜನಕ್ಕೆ ಹೊಳಪು ಸಾಲದೆನ್ನಿಸಿತು. ಮೊಗಲರ ಕಾಲದ ಪಟ್ಟೆ ಹರಳಿನ ತೂಕ ಉಳಿಸಲು ಹಾಕಿದ್ದೇ ಹೊರತು ಬೆಳಕು ಚಿಮ್ಮಿಸಲು ಅಲ್ಲ. ಮರುವರ್ಷ ಆಮ್ಸ್ಟರ್‌ಡ್ಯಾಮಿನ ಕುಶಲಿಗಳನ್ನು ಕರೆಸಿ, ಆಲ್ಬರ್ಟ್ ರಾಜಕುಮಾರರ ಉಸ್ತುವಾರಿಯಲ್ಲಿ, 38 ದಿನ ಉಜ್ಜಿಸಿ 105.6 ಕ್ಯಾರೆಟ್ಟಿಗೆ ಇಳಿಸಿದರು. ಅಂದರೆ 21 ಗ್ರಾಂ ಚಿಲ್ಲರೆ, ನಮ್ಮ ಲೆಕ್ಕದಲ್ಲಿ ಎರಡು ತೊಲವೂ ಇಲ್ಲ. ಅರ್ಧಕ್ಕೆ ಹತ್ತಿರದಷ್ಟು ಪುಡಿಯಾಗಿ ಹೋಯಿತು. ನಮ್ಮಪ್ಪ ಬದುಕಿದ್ದಿದ್ದರೆ ಇದನ್ನು ಕೇಳಿ ಎದ್ದು ಹೊರಗೆ ಹೋಗುತ್ತಿದ್ದರು.

ಹೊಸ ಸದಸ್ಯ

ಹಿರಿಯರೆಲ್ಲ ಇಷ್ಟು ತಿಳಿದು ಬರೆಯುತ್ತಿರುವಾಗ ಕೇಳಲು ಸಂಕೋಚ. ಕೊಹಿನೂರ್ ಗಂಡಸರಿಗೆ ಆಗಿಬರುವುದಿಲ್ಲ, ಅದಕ್ಕೇ ರಾಣಿಯರ ಕಿರೀಟದಲ್ಲಿ ಇಟ್ಟರು ಎನ್ನುತ್ತಾರಲ್ಲ, ನಿಜವೇ? ಅದನ್ನು ಉಡುಗೊರೆ ಎಂದು ನಮ್ಮ ಸರ್ಕಾರವೇ ಹೇಳಿದೆ ಎಂಬುದೂ ನಿಜವೇ?

ಕಾವೇರಿತೀರ

ಸಂಕೋಚ ಬೇಡ. ಮೊದಲನೆಯದು ನಂಬಿಕೆ. ಬ್ರಿಟನ್ನಿಗೆ ಹೋದ ಮೇಲೆ ಅದನ್ನು ತೊಟ್ಟವರೆಲ್ಲ ಹೆಂಗಸರೇ ಎಂಬುದು ಮಾತ್ರ ದಾಖಲೆ. ವಿಕ್ಟೋರಿಯಾ ಎದೆಗೆ ಸಿಕ್ಕಿಸುವ ಪದಕವಾಗಿ, ಬಳಿಕ ಪಟ್ಟಿಯಲ್ಲಿ ಧರಿಸಿದರು. ಆಮೇಲೆ 1902ರಲ್ಲಿ ಅಲೆಕ್ಸಾಂಡ್ರಾ, 1911ರಲ್ಲಿ ಮೇರಿ, 1937ರಲ್ಲಿ ಎರಡನೆಯ ಎಲಿಜಬೆತ್ತರ ತಾಯಿ (ಅವರ ಹೆಸರೂ ಎಲಿಜಬೆತ್), ಮೂವರೂ ಪಟ್ಟದರಸಿಯರು. ಮೂವರಿಗೂ ಹೊಸ ಕಿರೀಟ, ಮೂರಕ್ಕೂ ಅದೇ ಹರಳು. ಅಲೆಕ್ಸಾಂಡ್ರಾ ಕಿರೀಟದಲ್ಲಿ 3,688 ವಜ್ರಗಳಿದ್ದವು. ಈಗ ಅದರಲ್ಲಿರುವುದು ಗಾಜಿನ ಹರಳು.

ಎರಡನೆಯದಕ್ಕೆ: 2016ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸಾಲಿಸಿಟರ್ ಜನರಲ್ ಅದನ್ನು ಕದ್ದದ್ದೂ ಅಲ್ಲ, ಬಲವಂತವಾಗಿ ಒಯ್ದದ್ದೂ ಅಲ್ಲ ಎಂದರು, ದೇಶವೆಲ್ಲ ಗದ್ದಲವಾದ ಮೇಲೆ ಸರ್ಕಾರ ಮಾತು ಬದಲಿಸಿ, ಹರಳನ್ನು ಸೌಹಾರ್ದದಿಂದ ಮರಳಿ ತರಲು ಯತ್ನಿಸುವುದಾಗಿ ತಿಳಿಸಿತು. ನನ್ನ ಅಭಿಪ್ರಾಯ ಕೇಳಿದರೆ, 1849ರ ಲಾಹೋರ್ ಒಪ್ಪಂದವನ್ನು ಓದಿದವರಿಗೆ ಉಡುಗೊರೆ ಎಂಬ ಮಾತು ಬಾಯಿಗೆ ಬರಲಾರದು. ಸೋತ ಸಿಖ್ ರಾಜ್ಯದ ಹತ್ತು ವರ್ಷದ ಬಾಲಕ ದೊರೆ ದುಲೀಪ್ ಸಿಂಗ್ ಕೈಯಲ್ಲಿ ರಾಜ್ಯವನ್ನೂ ಹರಳನ್ನೂ ಬರೆಸಿಕೊಂಡರು. ಹರಳಿಗೇ ಅದರಲ್ಲಿ ಪ್ರತ್ಯೇಕ ಕಲಮು ಇದೆ.

ಒಂದು ದೃಶ್ಯ ಮಾತ್ರ ನನ್ನ ಮನಸ್ಸಿನಿಂದ ಹೋಗುವುದಿಲ್ಲ. 1854ರಲ್ಲಿ ಆ ಹುಡುಗನ ಚಿತ್ರವನ್ನು ಬಕಿಂಗ್‌ಹ್ಯಾಂ ಅರಮನೆಯಲ್ಲಿ ವಿಂಟರ್‌ಹಾಲ್ಟರ್ ಬರೆಯುತ್ತಿದ್ದಾಗ, ಉಜ್ಜಿ ಚಿಕ್ಕದಾಗಿದ್ದ ಹರಳನ್ನು ವಿಕ್ಟೋರಿಯಾ ಆತನ ಕೈಗೆ ಕೊಟ್ಟರು. ಆತ ಅದನ್ನು ಕಿಟಕಿಯ ಬೆಳಕಿಗೆ ಒಯ್ದು, ತಿರುಗಿಸಿ ತಿರುಗಿಸಿ ಬಹಳ ಹೊತ್ತು ನೋಡಿದ. ಕೋಣೆಯಲ್ಲಿದ್ದವರು ಉಸಿರು ಬಿಗಿಹಿಡಿದಿದ್ದರು. ಕೊನೆಗೆ ತಿರುಗಿ ಬಂದು, ತಲೆಬಾಗಿ, ಅದನ್ನು ರಾಣಿಯ ಕೈಗೆ ಒಪ್ಪಿಸಿದ. ಅಲ್ಲಿದ್ದ, ಆತನ ಪೋಷಕರ ಪತ್ನಿ ಲೇಡಿ ಲಾಗಿನ್ ನೆನಪಿಸಿಕೊಂಡ ಪ್ರಸಂಗ ಇದು. ಎರಡನೆಯ ಸಲವೂ ಕೊಡುವ ಕೆಲಸ ಆತನಿಗೇ ಬಿತ್ತು.

ಶಾಸನಪ್ರಿಯ

ಕಾವೇರಿತೀರ ಅವರೇ, ಇಲ್ಲಿಯೇ ನಿಮ್ಮ ಮೊದಲ ಮಾತಿಗೆ ನನ್ನ ತಕರಾರು. ಹರಳು ಸಾಗುತ್ತದೆ, ಚೌಕಟ್ಟು ಉಳಿಯುತ್ತದೆ ಎಂದಾಗ ಹರಳು ತಾನಾಗಿಯೇ ನಡೆದು ಹೋದಂತೆ ಕೇಳಿಸುತ್ತದೆ. ಸಾಗಿಸಿದವರು ಇದ್ದಾರೆ. ಅಲ್ಲದೆ ನಮ್ಮ ನಾಡಿನಿಂದ ಅವರು ಒಯ್ದದ್ದರಲ್ಲಿ ಚೌಕಟ್ಟನ್ನೇ ಒಡೆದು ಒಯ್ದದ್ದೂ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಚಿನ್ನದ ತಗಡಿನ ಸಿಂಹಾಸನವನ್ನು ಲೂಟಿಯ ಹಂಚಿಕೆಗೆ ನೇಮಕವಾದವರು ತುಂಡು ತುಂಡು ಮಾಡಿದರು. ದೊಡ್ಡ ಹುಲಿತಲೆಯೂ ಮೇಲಿದ್ದ ಹುಮಾ ಹಕ್ಕಿಯೂ ಇಂದು ವಿಂಡ್ಸರ್‌ನಲ್ಲಿ ರಾಜಮನೆತನದ ಸಂಗ್ರಹದಲ್ಲಿವೆ. ಕಟಕಟೆಯ ಸಣ್ಣ ಹುಲಿತಲೆಗಳು ಖಾಸಗಿಯವರ ಕೈಸೇರಿ, ಆಗೊಮ್ಮೆ ಈಗೊಮ್ಮೆ ಹರಾಜಿನಲ್ಲಿ ತಲೆಯೆತ್ತುತ್ತವೆ. ಆ ಸಿಂಹಾಸನ ಇಡಿಯಾಗಿ ಹೇಗಿತ್ತೆಂಬುದನ್ನು ಈಗ ಚಿತ್ರಗಳಲ್ಲಿ ನೋಡಬೇಕು.

ಇನ್ನೊಂದು ಲೆಕ್ಕವನ್ನೂ ಇಲ್ಲಿ ಸೇರಿಸಬೇಕು. 1911ರ ಡಿಸೆಂಬರ್ 12ರ ದೆಹಲಿ ದರ್ಬಾರಿಗೆ ಐದನೆಯ ಜಾರ್ಜ್ ಬರುವಾಗ, ಲಂಡನ್ನಿನ ಕಿರೀಟಗಳು ದೇಶ ದಾಟುವಂತಿಲ್ಲ ಎಂಬ ನಿಯಮ ಅಡ್ಡಬಂತು. ಆರು ಸಾವಿರಕ್ಕೂ ಹೆಚ್ಚು ವಜ್ರಗಳ ಹೊಸ ಕಿರೀಟವೇ ಆಯಿತು, 60,000 ಪೌಂಡಿನ ಖರ್ಚು ಭಾರತದ ಬೊಕ್ಕಸದ ಮೇಲೆ ಬಿತ್ತು. ಮೂರೂವರೆ ಗಂಟೆ ಹೊತ್ತು ತಲೆ ನೋಯಿತೆಂದು ದೊರೆ ದಿನಚರಿಯಲ್ಲಿ ಬರೆದುಕೊಂಡ. ಅಲ್ಲಿ ಗೌರವ ಸಲ್ಲಿಸಿದ ಅರಸರಲ್ಲಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರೂ ಇದ್ದರು. ಭಾರತದ ಹಣದಿಂದ ಆದ ಆ ಕಿರೀಟ ಒಂದೇ ಸಲ ಬಳಕೆಯಾಗಿ ಲಂಡನ್ ಟವರ್ ಸೇರಿತು.

ಕಾವೇರಿತೀರ

ತಕರಾರನ್ನು ಒಪ್ಪುತ್ತೇನೆ. ‘ಹರಳು ದಾಟುತ್ತದೆ’ ಎಂದದ್ದನ್ನು ‘ಹರಳನ್ನು ದಾಟಿಸುತ್ತಾರೆ’ ಎಂದು ತಿದ್ದಿ ಓದಿಕೊಳ್ಳಿ.

ಲಂಡನ್ನಿನ ಕನ್ನಡತಿ

2023ರ ವಿಷಯ ಇನ್ನೂ ಯಾರೂ ಪೂರ್ತಿ ಹೇಳಲಿಲ್ಲ. ಮೇ 6ರ ಪಟ್ಟಾಭಿಷೇಕಕ್ಕೆ ಮೂರನೆಯ ಚಾರ್ಲ್ಸ್ ದೊರೆಯ ಪತ್ನಿ ಕ್ಯಾಮಿಲಾ ಹೊಸ ಕಿರೀಟ ಮಾಡಿಸಲಿಲ್ಲ, ಕೊಹಿನೂರ್ ಇರುವುದನ್ನೂ ಮುಟ್ಟಲಿಲ್ಲ. 1911ರ ಮೇರಿ ಕಿರೀಟವನ್ನೇ ಹೊರತೆಗೆದು, ಎಂಟು ಅರೆಕಮಾನುಗಳಲ್ಲಿ ನಾಲ್ಕನ್ನು ಕಳಚಿ, ಕಲ್ಲಿನನ್ ವಜ್ರದ ಮೂರು, ನಾಲ್ಕು ಮತ್ತು ಐದನೆಯ ತುಂಡುಗಳನ್ನು ಕೂರಿಸಿದರು. ಪಟ್ಟದರಸಿಯೊಬ್ಬರು ಹಿಂದಿನವರ ಕಿರೀಟವನ್ನೇ ತೊಟ್ಟದ್ದು ಹದಿನೆಂಟನೆಯ ಶತಮಾನದ ಕ್ಯಾರೊಲಿನ್ ರಾಣಿಯ ನಂತರ ಇದೇ ಮೊದಲು. ಆಕೆ ತೊಟ್ಟದ್ದು ಮೇಲೆ ಹೇಳಿದ ಮೊಡೆನಾದ ಮೇರಿಯದ್ದು. ಅರಮನೆಯ ಪ್ರಕಟಣೆಯಲ್ಲಿದ್ದ ಕಾರಣ ಮಿತವ್ಯಯ ಮತ್ತು ಇದ್ದುದನ್ನೇ ಮರುಬಳಸುವುದು. ಭಾರತದ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಇಲ್ಲಿನ ಪತ್ರಿಕೆಗಳು ಮಾತ್ರ ಬೇರೆ ಕಾರಣವನ್ನು ಸಾಲುಗಳ ನಡುವೆ ಓದಿದವು, ನಾನೂ ಹಾಗೆಯೇ ಓದಿದೆ.

ಅದೇ ತಿಂಗಳು ಟವರ್‌ನಲ್ಲಿ ಪ್ರದರ್ಶನವನ್ನು ಹೊಸದಾಗಿ ಜೋಡಿಸಿದರು. ಕೊಹಿನೂರನ್ನು ಗೆಲುವಿನ ಗುರುತಾಗಿ ಒಂದು ಆಳ್ವಿಕೆಯಿಂದ ಇನ್ನೊಂದಕ್ಕೆ ಕೈಬದಲಾದ ಹರಳು ಎಂಬಂತೆ ಈಗ ವಿವರಿಸುತ್ತಾರೆ, ಲಾಹೋರಿನ ಬಾಲಕನ ಮಾತೂ ಬರುತ್ತದೆ. ಕಿರೀಟದಲ್ಲಿ ಒಂದು ಹರಳೂ ಅಲುಗಿಲ್ಲ, ಪಕ್ಕದ ಬರಹ ಬದಲಾಗಿದೆ.

ಹೊಸ ಸದಸ್ಯ

ಒಂದು ವೇಳೆ ಕೊಹಿನೂರನ್ನು ಹಿಂದಕ್ಕೆ ಕೊಟ್ಟರೆ 1937ರ ಕಿರೀಟ ಹಾಳಾಗುವುದಿಲ್ಲವೇ? ಅದೂ ಒಂದು ಐತಿಹಾಸಿಕ ವಸ್ತುವಲ್ಲವೇ?

ಅಕ್ಕಸಾಲಿಗರ ಮನೆ

ಆಗುವುದಿಲ್ಲಪ್ಪ. ನಮ್ಮ ಅಜ್ಜಿಯ ಏಳು ಕಲ್ಲಿನ ಓಲೆ ಮೂವರು ಹೆಣ್ಣುಮಕ್ಕಳಿಗೆ ಹಂಚಿಕೆಯಾದಾಗ ಹಿರಿಯತ್ತೆಗೆ ಎರಡು ಮೂಗುಬೊಟ್ಟು, ನಡುವಿನವರಿಗೆ ಉಂಗುರ, ಕಿರಿಯವರಿಗೆ ಉಳಿದ ಕಲ್ಲುಗಳ ಜೊತೆ ಖಾಲಿ ಕಟ್ಟಡವೂ ಬಂತು. ಖಾಲಿಯಾದ ಕಡೆ ನಮ್ಮಪ್ಪ ಬಿಳಿಯ ಕಲ್ಲು ಕೂರಿಸಿಕೊಟ್ಟರು. ಕಿರಿಯತ್ತೆ ನಲವತ್ತು ವರ್ಷ ಅದನ್ನೇ ಹಾಕಿಕೊಂಡು ಮದುವೆ ಮುಂಜಿಗೆ ಹೋದರು.

ಕಿರೀಟಕ್ಕೂ ಇದೇ ಆಗಿದೆ. ಮೇರಿ ರಾಣಿಯ ಕಿರೀಟದಿಂದ ದೊಡ್ಡ ವಜ್ರಗಳನ್ನು ತೆಗೆದ ಮೇಲೆ ಆ ಜಾಗಗಳಲ್ಲಿ ಸ್ಫಟಿಕದ ನಕಲು ಕೂರಿಸಿ ಪ್ರದರ್ಶನಕ್ಕೆ ಇಟ್ಟರು. ದಶಕಗಟ್ಟಲೆ ಜನ ಟಿಕೆಟ್ ಕೊಂಡು ಬಂದು ಅದನ್ನು ನೋಡಿದರು. ಮೊಡೆನಾದ ಮೇರಿಯದಂತೂ ಪೂರ್ತಿ ಸ್ಫಟಿಕ. ಕೊಹಿನೂರಿನ ಕಟ್ಟನ್ನು ಮೊದಲೇ ಕಳಚುವಂತೆ ಮಾಡಿಟ್ಟಿದ್ದಾರೆ, ನುರಿತವರಿಗೆ ಅದು ಒಂದು ಬೆಳಗಿನ ಕೆಲಸ. ಅಳತೆ ನನಗೆ ಕಳಿಸಿದರೆ ಅದರ ಜಾಗಕ್ಕೆ ಸ್ಫಟಿಕ ನಾನೇ ಕಡೆದುಕೊಡುತ್ತೇನೆ, ಕೂಲಿ ಬೇಡ.